ಇನ್ನು ಯಾವಾಗ ಹೋಗುವುದು?

ಊರು ಬಿಟ್ಟು ಹೊರಡುವಾಗ ನಮ್ಮಲ್ಲಿ ಯಾರೂ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಮೂವತ್ತೊಂದು ವರ್ಷಗಳ ಹಿಂದೆ ಕಯ್ಯಾಲೆಯ, ಅಂದರೆ ಮನೆ ಮುಂದಿನ ಜಗಲಿಯ, ಮೆಟ್ಟಿಲಿನ ಮೇಲೆ ನಿಂತು ಚಪ್ಪಲಿ ಮೆಟ್ಟುತ್ತ ನಾನೂ ಅಜ್ಜಿಗೆ ಹಾಗೆಯೇ ಹೇಳಿದ್ದೆ. ಬ್ಯಾಂಕಿನ ನೌಕರಿ, ಬೆಂಗಳೂರಿನ ಬಾಡಿಗೆ ಮನೆಗಳು, ಸಾಲ ತೀರುವಷ್ಟರಲ್ಲಿ ಗೋಡೆ ಬಿರಿದ ಒಂದು ಸ್ವಂತ ಫ್ಲ್ಯಾಟು, ಎರಡೂ ಮೊಣಕಾಲಿನ ನೋವು, ಇಷ್ಟೆಲ್ಲ ಸಂಪಾದನೆಯಾದ ಮೇಲೆ ಕೊಟ್ಟ ಮಾತಿನಂತೆ ಬಂದೆ. ಆ ಮಾತು ಹೇಳಿ ಹೋದವರು ನಿಜವಾಗಿಯೂ ಬಂದುಬಿಡುತ್ತಾರೆಂದು ಊರಿನಲ್ಲಿ ಯಾರೂ ಎಣಿಸಿರಲಿಲ್ಲವೆಂಬುದು ಬಂದ ಮೇಲೆ ತಿಳಿಯಿತು. ಸರಕಾರವಂತೂ ಎಣಿಸಿರಲೇ ಇಲ್ಲ.

ನಮ್ಮ ಊರು ಕೊಡಗಿನಲ್ಲಿ, ಚೇರಂಬಾಣೆ ದಾಟಿ ಭಾಗಮಂಡಲದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುತ್ತದೆ. ತಿರುವಿನಲ್ಲಿ ಊರಿನ ಹೆಸರು ಕೆತ್ತಿದ ಒಂದು ಕಲ್ಲು ಇತ್ತು. ಕಲ್ಲು ಈಗಲೂ ಇದೆ, ಆದರೆ ಅದಕ್ಕೆ ಒರಗಿಸಿ, ಅದರ ಮೇಲೆ ಕಟ್ಟಿ, ಅದರ ಪಕ್ಕದ ಬಳಂಜಿ ಮರಕ್ಕೆ ಮೊಳೆ ಹೊಡೆದು ನಿಲ್ಲಿಸಿದ ಬಾಣದ ಗುರುತಿನ ಹಲಗೆಗಳ ಹಿಂದೆ ಅದು ಕಾಣುವುದಿಲ್ಲ. ಮಂಜು, ಮೋಡ, ಕಾವೇರಿ, ಸ್ವರ್ಗ ಎಂಬ ನಾಲ್ಕು ಪದಗಳನ್ನು ಹಿಂದು ಮುಂದು ಮಾಡಿ ಹದಿನೇಳು ಹೋಂಸ್ಟೇಗಳಿಗೆ ಹೆಸರಿಟ್ಟ ನಮ್ಮವರ ಕಲ್ಪನಾಶಕ್ತಿಗೆ ಬೆರಗಾಗುತ್ತ ಬಸ್ಸಿಳಿದೆ. ಆಟೋದ ಹುಡುಗ ನನ್ನ ಎರಡು ಸೂಟ್‌ಕೇಸುಗಳನ್ನೂ ಕುಕ್ಕರಿನ ಚೀಲವನ್ನೂ ನೋಡಿ ವಿನಯದಿಂದ ಕೇಳಿದ.

“ಯಾವ ಹೋಂಸ್ಟೇ ಸರ್?”

“ಹೋಂಸ್ಟೇ ಅಲ್ಲ, ಮನೆ.”

“ಹೆಸರೇ ‘ಮನೆ’ ಅಂತಲಾ? ಹೊಸದಿರಬೇಕು. ಮ್ಯಾಪಿನಲ್ಲಿ ಬಂದಿಲ್ಲ ಸರ್.”

ಮೊದಲ ವಾರ ಸಿಕ್ಕವರೆಲ್ಲ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿದರು. ‘ಯಾವಾಗ ಬಂದದ್ದು?’ ಎಂಬುದು ಮೊದಲನೆಯದು, ‘ಇನ್ನು ಯಾವಾಗ ಹೋಗುವುದು?’ ಎಂಬುದು ಎರಡನೆಯದು. ಇದರಲ್ಲಿ ಅಗೌರವವೇನೂ ಇಲ್ಲ. ಊರಿನಲ್ಲಿ ಕುಶಲ ವಿಚಾರಿಸುವ ಕ್ರಮವೇ ಅದು. ಹೋಗುವ ದಿನ ಗೊತ್ತಾದರೆ ಯಾವ ದಿನ ಊಟಕ್ಕೆ ಕರೆಯಬೇಕು, ಬೆಂಗಳೂರಿನಲ್ಲಿರುವ ಮಗಳಿಗೆ ಯಾರ ಕೈಯಲ್ಲಿ ಕಾಚಂಪುಳಿಯ ಬಾಟಲಿ ಕಳುಹಿಸಬೇಕು ಎಂಬ ಲೆಕ್ಕ ಸುಲಭವಾಗುತ್ತದೆ. ಆದರೆ ನಾನು ‘ಹೋಗುವುದಿಲ್ಲ, ಇರುವುದಕ್ಕೇ ಬಂದದ್ದು’ ಎಂದಾಗ ಅವರ ಮುಖದ ಮೇಲೆ ಮೂಡುತ್ತಿದ್ದ ಭಾವವನ್ನು ನಾನು ಅದುವರೆಗೆ ಆಸ್ಪತ್ರೆಯ ಪಡಸಾಲೆಗಳಲ್ಲಿ ಮಾತ್ರ ಕಂಡಿದ್ದೆ. ಹಾಲು ತರುವ ಅಕ್ಕ ದನಿ ತಗ್ಗಿಸಿ “ಶುಗರಾ?” ಎಂದರು. ದೊಡ್ಡಪ್ಪನ ಮಗ ಅಣ್ಣ ನನ್ನನ್ನು ಕಾಫಿ ಕಣದ ಮೂಲೆಗೆ ಕರೆದೊಯ್ದು, ಅಲ್ಲಿ ನಮ್ಮಿಬ್ಬರ ಮಾತು ಕೇಳಲು ಒಂದು ಕೋಳಿಯ ಹೊರತು ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು, “ಬ್ಯಾಂಕಿನಲ್ಲಿ ಏನಾದರೂ ಎನ್‌ಕ್ವೈರಿಯಾ ಮಾರಾಯ? ನನ್ನ ಹತ್ತಿರ ಹೇಳು, ಪರವಾಗಿಲ್ಲ” ಎಂದರು.

ಕಾಯಿಲೆಯೂ ಇಲ್ಲ, ಎನ್‌ಕ್ವೈರಿಯೂ ಇಲ್ಲವೆಂದಾದ ಮೇಲೆ ಉಳಿಯುವ ಕಾರಣ ಒಂದೇ. ಎಲ್ಲರಿಗೂ ಒಮ್ಮೆಗೇ ಸಮಾಧಾನವಾಗಿ, ಎಲ್ಲರೂ ಒಂದೇ ದನಿಯಲ್ಲಿ ಕೇಳತೊಡಗಿದರು: “ಎಷ್ಟು ರೂಮು?” 1953ರಲ್ಲಿ ಸೇನೆಯಿಂದ ನಿವೃತ್ತರಾದ ಕಾರ್ಯಪ್ಪನವರು ಮುಂದೆ ಮಡಿಕೇರಿಯ ತಮ್ಮ ಮನೆ ‘ರೋಶನಾರಾ’ದಲ್ಲಿ ನೆಲೆಸಿದಾಗ ಅವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಾರರು. ಕೇಳುವುದಿದ್ದರೂ ಅಟೆನ್ಷನ್ನಿನಲ್ಲಿ ನಿಂತು ಕೇಳಬೇಕಾಗುತ್ತಿತ್ತು. ನನ್ನಂಥ ನಿವೃತ್ತ ಮ್ಯಾನೇಜರನ ಮುಂದೆ ಆ ಭಯವಿಲ್ಲ.

ಇಷ್ಟಕ್ಕೂ ಗೊಂದಲ ನನ್ನದೇ ಇರಬೇಕು, ಏಕೆಂದರೆ ಈ ನೆಲದ ಮೇಲೆ ಈಗ ಎರಡು ಜಿಲ್ಲೆಗಳಿವೆ ಎಂಬುದನ್ನು ಬೆಂಗಳೂರಿನಲ್ಲಿದ್ದಷ್ಟು ಕಾಲ ನಾನು ಗಮನಿಸಿರಲಿಲ್ಲ. ಒಂದು ಕೊಡಗು, ಇನ್ನೊಂದು ಕೂರ್ಗ್. ಕೊಡಗಿನಲ್ಲಿ ತೋಟಕ್ಕೆ ಆಳು ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ, ಕತ್ತಲಾದ ಮೇಲೆ ರಸ್ತೆಯಲ್ಲಿ ಆನೆ ಇರುತ್ತದೆ. ಕೂರ್ಗಿನಲ್ಲಿ ಮಂಜು ಇರುತ್ತದೆ. ಕೂರ್ಗ್ ಎಂಬ ‘ಸಿ’ ದರ್ಜೆಯ ರಾಜ್ಯ 1956ರ ನವೆಂಬರ್ 1ರಂದು ಮೈಸೂರಿನಲ್ಲಿ ವಿಲೀನವಾಗಿ ಮುಗಿದುಹೋಯಿತೆಂದು ನಾವು ಶಾಲೆಯಲ್ಲಿ ಓದಿದ್ದೆವು. ಮುಗಿದಿಲ್ಲ. ಪ್ರತಿ ಶುಕ್ರವಾರ ರಾತ್ರಿ ಕುಶಾಲನಗರದ ಸೇತುವೆಯ ಮೇಲೆ ಅದು ಮರುಸ್ಥಾಪನೆಯಾಗಿ, ಭಾನುವಾರ ಮಧ್ಯಾಹ್ನದ ಊಟದ ಬಳಿಕ, ಖಾಲಿ ಬಾಟಲಿಗಳನ್ನು ಕೊಡಗಿಗೆ ಬಿಟ್ಟು, ವಿಸರ್ಜನೆಯಾಗುತ್ತದೆ. 2001ರ ಜನಗಣತಿಯಲ್ಲಿ ಜಿಲ್ಲೆಯ ಜನ 5,48,561, 2011ರಲ್ಲಿ 5,54,519. ಅಂದರೆ ಹತ್ತು ವರ್ಷ ಕಷ್ಟಪಟ್ಟು ಇಡೀ ಜಿಲ್ಲೆ ಹೆಚ್ಚಿಸಿಕೊಂಡದ್ದು ಆರು ಸಾವಿರಕ್ಕೂ ಕಡಿಮೆ. ರಜೆಯ ಶನಿವಾರ ರಾಜಾಸೀಟಿನ ಗೇಟಿನಲ್ಲಿ ಸಿಕ್ಕಿಹಾಕಿಕೊಂಡವನಿಗೆ ಈ ಅಂಕಿಯನ್ನು ಹೇಳಿದರೆ ಅವನು ಜನಗಣತಿಯವರನ್ನೇ ಅನುಮಾನಿಸುತ್ತಾನೆ.

ಈ ಎರಡನೆಯ ಜಿಲ್ಲೆಗೆ ತನ್ನದೇ ಆದ ಭಾಷೆ ಇದೆ. ಅಬ್ಬಿ ಎಂದರೆ ನಮ್ಮ ಕಡೆ ಜಲಪಾತ. ಅದಕ್ಕೆ ಫಾಲ್ಸ್ ಸೇರಿ ಅಬ್ಬಿ ಫಾಲ್ಸ್ ಆದದ್ದು ಹಳೆಯ ಸಂಗತಿ. ಮೊನ್ನೆ ಒಂದು ಬಾಡಿಗೆ ಜೀಪಿನ ಮೇಲೆ ‘ಅಬ್ಬಿ ಫಾಲ್ಸ್ ಜಲಪಾತ’ ಎಂದು ಬರೆದದ್ದನ್ನು ಓದಿದೆ. ಅದೇ ನೀರು ಈಗ ಮೂರು ಸಲ ಬೀಳುತ್ತದೆ. ತನ್ನದೇ ಆದ ಬೆಳೆಗಳೂ ಇವೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಕಿತ್ತಳೆ ಮಾತ್ರ ತೋಟದಲ್ಲಿ ಹುಡುಕಿದರೆ ಸಿಕ್ಕೀತು. ರಸ್ತೆ ಬದಿಯಲ್ಲಿ ರಾಶಿ ಹಾಕಿದ ‘ಕೂರ್ಗ್ ಆರೆಂಜ್’ನ ಸ್ವಂತ ಊರನ್ನು ವಿಚಾರಿಸಿದಾಗ ವ್ಯಾಪಾರಿ ಸಂಕೋಚವಿಲ್ಲದೆ ನಾಗಪುರ ಎಂದ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ಬಡಿದಾಗ ನಮ್ಮ ಮನೆಯ ಹಿಂದಿನ ಎಂಟು ಪೆಟ್ಟಿಗೆಗಳೂ ಒಂದೇ ವರ್ಷದಲ್ಲಿ ಖಾಲಿಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಳು ಹೋದ ಮೇಲೆ ಜೇನಿನಂಗಡಿಗಳು ಬಂದವು. ಇನ್ನು ‘ಹೋಂಮೇಡ್’ ಚಾಕೊಲೇಟು. ಒಂದು ಅಂಗಡಿಯಲ್ಲಿ ಇದು ಯಾರ ಮನೆಯಲ್ಲಿ ಮಾಡಿದ್ದು ಎಂದು ಕೇಳಿದೆ. “ಮನೆಯಲ್ಲಿ ಎಲ್ಲ ಮಾಡ್ಲಿಕ್ಕಾಗ್ತದಾ ಸರ್, ಫ್ಯಾಕ್ಟರಿಯಿಂದ ಬರ್ತದೆ” ಎಂದು ಆ ಹುಡುಗಿ ನನ್ನ ಅಜ್ಞಾನಕ್ಕೆ ಮರುಗಿದಳು. ನಾಗಪುರದ ಹಣ್ಣು ಒಂದು ದಿನದಲ್ಲಿ ಕೊಡಗಿನದಾಗುತ್ತದೆ. ಇಲ್ಲಿ ಹುಟ್ಟಿದವನಿಗೆ ಅದು ಅಷ್ಟು ಸುಲಭವಲ್ಲ.

ಎಷ್ಟು ಕಷ್ಟ ಎಂಬುದು ಒಂದು ಕಚೇರಿಯಲ್ಲಿ ಗೊತ್ತಾಯಿತು. ಯಾವ ಕಚೇರಿ ಎಂದು ಹೇಳುವುದಿಲ್ಲ, ಮುಂದೆಯೂ ಅಲ್ಲಿಗೆ ಹೋಗಬೇಕಾದವನು ನಾನು. ಮನೆ ಇರುವ ಜಾಗ ಜಮ್ಮಾ ಬಾಣೆ. ಜಮ್ಮಾ ಎಂಬುದು ರಾಜರ ಕಾಲದ ಹಿಡುವಳಿ: ಕಾಳಗಕ್ಕೆ ಕರೆದಾಗ ಬರಬೇಕೆಂಬ ಕರಾರಿನ ಮೇಲೆ ವಂಶಪಾರಂಪರ್ಯವಾಗಿ ಕೊಟ್ಟ ಗದ್ದೆ, ಆ ಗದ್ದೆಯ ಸೊಪ್ಪು, ಸೌದೆ, ಮೇವಿಗೆಂದು ಸೇರಿಸಿ ಕೊಟ್ಟ ಬಾಣೆ. ಪಹಣಿಯಲ್ಲಿ ಪಟ್ಟೇದಾರರೆಂದು ನನ್ನ ಮುತ್ತಜ್ಜನ ಹೆಸರಿದೆ. ಅವರು ತೀರಿಕೊಂಡು ಅರವತ್ತೆಂಟು ವರ್ಷಗಳಾಗಿವೆ.

“ಪಟ್ಟೇದಾರರು ಬಂದಿದ್ದರೆ ಒಳ್ಳೆಯದಿತ್ತು,” ಎಂದರು ಮೇಜಿನಾಚೆ ಕುಳಿತಿದ್ದವರು.

“ಅವರು ತೀರಿಕೊಂಡಿದ್ದಾರೆ.”

ಅವರು ಕಂಪ್ಯೂಟರಿನ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಇಲ್ಲಿ ಹಾಗೆ ತೋರಿಸ್ತಾ ಇಲ್ಲವಲ್ಲ.”

1834ರಲ್ಲಿ ರಾಜ ಹೋದ, 1947ರಲ್ಲಿ ಇಂಗ್ಲಿಷರು ಹೋದರು, 1956ರಲ್ಲಿ ರಾಜ್ಯವೇ ಹೋಯಿತು, ಮುತ್ತಜ್ಜ ಮಾತ್ರ ಹೋಗಿಲ್ಲ. ವರ್ಷಕ್ಕೊಮ್ಮೆ ಕಾರಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಬಾಳೆಲೆಯಲ್ಲಿ ಎಡೆ ಹಾಕಿ, ಕೋಳಿ ಸಾರು ಬಡಿಸಿ, ಗ್ಲಾಸಿನಲ್ಲಿ ಎರಡು ಬೆರಳಿನಷ್ಟು ಹೊಯ್ದು ನಾವು ಅವರನ್ನು ನೆನೆಯುವುದು ಅವರು ಸತ್ತಿದ್ದಾರೆಂಬ ನಂಬಿಕೆಯ ಮೇಲೆ. ಕಚೇರಿಯ ನಂಬಿಕೆ ನಮಗಿಂತ ಆಳವಾದದ್ದು. ಅವರು ಸತ್ತದ್ದನ್ನು ಸಾಬೀತು ಮಾಡಲು ಮರಣ ಪತ್ರ ಬೇಕು, ಅವರಿಗೂ ನನಗೂ ಸಂಬಂಧವಿದೆ ಎನ್ನಲು ವಂಶವೃಕ್ಷ ಬೇಕು. ಕೊಡಗಿನಲ್ಲಿ ಒಂದು ಮರ ಕಡಿಯಲು ಅನುಮತಿ ಪಡೆಯುವುದು ಕಷ್ಟವೆಂದು ಕೇಳಿದ್ದೆ, ಇಂಥ ಮರವನ್ನು ಎಬ್ಬಿಸಿ ನಿಲ್ಲಿಸುವುದು ಅದಕ್ಕಿಂತ ಕಷ್ಟವೆಂದು ಆಗ ತಿಳಿಯಿತು. ಅದರಲ್ಲಿ ಇದುವರೆಗೆ ನಲವತ್ತಮೂರು ಕೊಂಬೆಗಳು ಸಿಕ್ಕಿವೆ. ಒಂದು ಕೊಂಬೆ ಟೊರಾಂಟೋದಲ್ಲಿದೆ, ಅದು ಸಹಿ ಹಾಕುವುದಿಲ್ಲವಂತೆ.

ವಿದ್ಯುತ್ ಸಂಪರ್ಕವನ್ನು ನನ್ನ ಹೆಸರಿಗೆ ಮಾಡಿಸಲು ಇನ್ನೊಂದು ಕಡೆ ಅರ್ಜಿ ಕೊಟ್ಟೆ. ‘ಉದ್ದೇಶ’ ಎಂಬಲ್ಲಿ ‘ಇರುವುದಕ್ಕೆ’ ಎಂದು ಬರೆದಿದ್ದೆ. ಗುಮಾಸ್ತರು ಅದನ್ನು ಎರಡು ಸಲ ಓದಿ, ಹೋಂಸ್ಟೇಯೋ ಅಲ್ಲವೋ ಎಂದು ಬಾಯಿಬಿಟ್ಟು ಕೇಳಿ, ಅಲ್ಲವೆಂದ ಮೇಲೆ ನಿಟ್ಟುಸಿರಿಟ್ಟು, ನನ್ನ ಪದವನ್ನು ಹೊಡೆದುಹಾಕಿ ‘ಇತರೆ’ ಎಂದು ಬರೆದರು.

ತಮಾಷೆಯೆಂದರೆ ಇದೇ ಜಮ್ಮಾದ ಬಲದ ಮೇಲೆ ನಾನು ಕೋವಿ ಇಟ್ಟುಕೊಳ್ಳಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯಿದೆಯ ಪರವಾನಗಿಯಿಂದ ವಿನಾಯಿತಿ ಉಂಟು. ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಕೈಲ್ ಮುಹೂರ್ತದಂದು ಆ ಕೋವಿಗೆ ಹೂವಿಟ್ಟು ಪೂಜೆಯನ್ನೂ ಮಾಡಬಹುದು. ಕೋವಿಯೊಡನೆ ಇರಲು ಕಾನೂನಿದೆ, ಮನೆಯೊಳಗೆ ಇರಲು ‘ಇತರೆ’ ಇದೆ. ಆನೆಯ ಸ್ಥಿತಿ ನನಗಿಂತ ಉತ್ತಮ. ಅದು ಇಲ್ಲಿಯ ಖಾಯಂ ನಿವಾಸಿ ಎಂಬ ಬಗ್ಗೆ ಯಾವ ಇಲಾಖೆಗೂ ಸಂದೇಹವಿಲ್ಲ, ಅದರ ದಾರಿಗೆ ನಕ್ಷೆ ಇದೆ, ಅದರ ಹೆಸರಿನಲ್ಲಿ ಕಂದಕ, ಸೋಲಾರ್ ಬೇಲಿ, ಕೊನೆಗೆ ರೈಲ್ವೆ ಕಂಬಿಯ ತಡೆಗೋಡೆಯೂ ಬಂದಿದೆ. ರೈಲಿಲ್ಲದ ಜಿಲ್ಲೆ ನಮ್ಮದು. ರೈಲು ಬೇಕು, ಬೇಡ ಎಂದು ನಾವು ಹತ್ತಾರು ವರ್ಷ ಜಗಳವಾಡುತ್ತಿರುವಾಗ ಹಳಿ ಮಾತ್ರ ಆನೆಗೆ ಮಂಜೂರಾಯಿತು.

ಇಷ್ಟರಲ್ಲಿ ಪಕ್ಕದ ತೋಟದ ಭಾವನಿಂದ ಫೋನು ಬಂತು. ಭಾವ ಮೈಸೂರಿನಲ್ಲಿದ್ದಾರೆ, ಅವರ ಮನೆ ಇಲ್ಲಿ ಹೋಂಸ್ಟೇ ಆಗಿದೆ. ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆಯಲ್ಲಿ ಅತಿಥಿಗೆ ಕೋಣೆ ಕೊಡುವುದೆಂದೂ, ಮಾಲೀಕನ ಕುಟುಂಬ ಅಲ್ಲಿಯೇ ಇರತಕ್ಕದ್ದೆಂದೂ ನಿಯಮವಿದೆ. ಈ ನಿಯಮವನ್ನು ಬರೆದವರು ಒಂದು ಸಣ್ಣ ಸಂಗತಿಯನ್ನು ಮರೆತಿದ್ದರು: ಮನೆಯಲ್ಲಿ ಮನೆಯವರಿದ್ದಿದ್ದರೆ ಅದು ಹೋಂಸ್ಟೇ ಆಗುತ್ತಲೇ ಇರಲಿಲ್ಲ. ಮಕ್ಕಳು ಹೋದರು, ಕೋಣೆಗಳು ಖಾಲಿಯಾದವು. ಕಾಳುಮೆಣಸಿಗೂ ಕಾಫಿಗೂ ಬೆಲೆ ಬಿದ್ದ ವರ್ಷಗಳಲ್ಲಿ ಖಾಲಿ ಕೋಣೆಗೆ ಬಾಡಿಗೆ ಬಂತು, ಬಾಡಿಗೆ ಬಂದ ಮೇಲೆ ಉಳಿದ ಇಬ್ಬರೂ ಮಕ್ಕಳ ಬಳಿಗೆ ಹೋದರು. ಇದರಲ್ಲಿ ನಾನು ಯಾರನ್ನೂ ದೂರಲಾರೆ; ಮೊದಲು ಖಾಲಿಯಾದ ಕೋಣೆಗಳಲ್ಲಿ ನನ್ನದೂ ಒಂದು. ಆದರೆ ಮನೆಯವರನ್ನು ಹೊರಗೆ ಕಳುಹಿಸಿ ‘ಮನೆಯ ವಾತಾವರಣ’ವನ್ನು ರಾತ್ರಿಗಿಷ್ಟು ಎಂದು ಮಾರುವ ಕಲೆ ನಮ್ಮಲ್ಲಿ ಬೆಳೆದಷ್ಟು ಬೇರೆಲ್ಲಿಯೂ ಬೆಳೆದಿರಲಾರದು.

“ಭಾವ, ನೀವು ಹೇಗಿದ್ದರೂ ಖಾಲಿ ಕೂತಿದ್ದೀರಿ,” ಎಂದರು ಅವರು. “ಗೆಸ್ಟ್‌ಗಳು ಎಲ್ಲ ಚೆನ್ನಾಗಿದೆ, ಲೋಕಲ್ ಫೀಲ್ ಇಲ್ಲ ಅಂತ ಬರೀತಾರೆ. ಶನಿವಾರ ಸಂಜೆ ಬಂದು ಕಯ್ಯಾಲೆಯಲ್ಲಿ ಸುಮ್ಮನೆ ಕೂತರೆ ಸಾಕು. ಕುಪ್ಯಚೇಲೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಬನಿಯನ್ ಮಾತ್ರ ಬೇಡ.”

ದಾಕ್ಷಿಣ್ಯಕ್ಕೆ ಒಂದು ಶನಿವಾರ ಹೋದೆ. ಸಣ್ಣವನಿದ್ದಾಗ ನೂರು ಸಲ ಓಡಾಡಿದ ಮನೆ. ಅತ್ತೆ ಬಾಣಂತಿಯರಿಗೆ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆಯನ್ನು ಉಜ್ಜಿ ಹೊಳೆಯಿಸಿ ಬಾಗಿಲಿನ ಬಳಿ ಇಟ್ಟಿದ್ದರು, ಒಳಗೆ ಪ್ಲಾಸ್ಟಿಕ್ಕಿನ ಆರ್ಕಿಡ್ ಇತ್ತು. ಭತ್ತ ಅಳೆಯುವ ಸೇರಿನಲ್ಲಿ ಹಲ್ಲುಕಡ್ಡಿಗಳಿದ್ದವು. ಹುತ್ತರಿಯಲ್ಲಿ ಕದಿರು ಕಟ್ಟುತ್ತಿದ್ದ ಕಂಬಕ್ಕೆ ವೈಫೈ ಪಾಸ್‌ವರ್ಡಿನ ಚೀಟಿ ಅಂಟಿಸಿದ್ದರು. ನಾನು ಹೇಳಿದ ಜಾಗದಲ್ಲಿ ಕುಳಿತು ಪತ್ರಿಕೆಯನ್ನು ಮುಖದ ಮುಂದೆ ಹಿಡಿದುಕೊಂಡೆ. ಒಬ್ಬ ತರುಣ ನನ್ನ ಫೋಟೋ ತೆಗೆದ. ಅವನ ಹೆಂಡತಿ ಪಕ್ಕದಲ್ಲಿ ಕುಳಿತು ಇನ್ನೊಂದು ತೆಗೆಸಿಕೊಂಡಳು. ಅವರು ಒಳ್ಳೆಯ ಮಕ್ಕಳು, ಚಹಾ ಕುಡಿಯುತ್ತೀರಾ ಎಂದೂ ಕೇಳಿದರು. ಮಾತಿಗೆ ಮಾತು ಬಂದು ಆ ತರುಣ, ನನಗೆ ಅರ್ಥವಾಗಲೆಂದು ಒಂದೊಂದೇ ಪದವನ್ನು ಬಿಡಿಸಿ, “ಅಂಕಲ್, ನೀವು ಬೆಂಗಳೂರು ನೋಡಿದ್ದೀರಾ?” ಎಂದು ಕೇಳಿದ.

“ಒಮ್ಮೆ ಹೋಗಿದ್ದೆ,” ಎಂದೆ.

ಅದರ ಬಳಿಕ ಆ ಕಡೆ ಹೋಗಬಾರದೆಂದುಕೊಂಡಿದ್ದೆ. ಆದರೆ ಆಟಿ ತಿಂಗಳ ಮಳೆ ಬಂತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಬೆಟ್ಟಗಳೇ ಕರಗಿ ಮನೆಗಳ ಮೇಲೆ ಇಳಿದ ನಂತರ ಮಳೆಯ ಸದ್ದನ್ನು ಕೇಳುತ್ತ ಹಾಯಾಗಿ ಮಲಗುವ ಅಭ್ಯಾಸ ಇಲ್ಲಿಯವರಿಗೆ ತಪ್ಪಿಹೋಗಿದೆ. ರಸ್ತೆ ಬದಿಯ ಮಣ್ಣಿನ ಬರೆ ಕುಸಿದಿದೆಯೆಂದು ಯಾವ ದಾರಿ ಯಾವಾಗ ಮುಚ್ಚುತ್ತದೆಂದು ಗೊತ್ತಾಗುವುದಿಲ್ಲ. ಕರೆಂಟು ಹೋಗಿ ಆರು ದಿನವಾಯಿತು. ಟವರಿಗೆ ಡೀಸೆಲ್ ಮುಗಿದು ಫೋನಿನ ಉಸಿರೂ ನಿಂತಿತು. ಏಳನೆಯ ಸಂಜೆ ಹಲಸಿನ ಮರದ ದೊಡ್ಡ ಕೊಂಬೆಯೊಂದು ಅಡುಗೆಮನೆಯ ಮಾಡಿನ ಮೇಲೆ ಬಿದ್ದು, ಹೆಂಚು ಒಡೆದು, ಒಲೆಯೊಳಗೆ ನೀರು ನಿಂತಿತು. ಇಡೀ ಊರಿನಲ್ಲಿ ಬೆಳಕು ಇದ್ದದ್ದು ಒಂದೇ ಕಡೆ. ಭಾವನ ಹೋಂಸ್ಟೇಯಲ್ಲಿ ಜನರೇಟರ್ ಓಡುತ್ತಿತ್ತು, ಮಳೆ ನೋಡಲು ಬಂದವರು ಗಾಜಿನ ಹಿಂದೆ ಕುಳಿತು ಮಳೆ ನೋಡುತ್ತಿದ್ದರು.

ಮೊಣಕಾಲಿನವರೆಗೆ ಜಿಗಣೆ ಹತ್ತಿಸಿಕೊಂಡು ಕೊಡೆ ಹಿಡಿದು ಒಳಗೆ ಹೋದೆ. ಭಾವನಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಮ್ಯಾನೇಜರ್ ಹುಡುಗ ಹೊಸಬ, ಬಂದು ಮೂರು ತಿಂಗಳಾಗಿತ್ತು. ಅವನು ನನ್ನ ಕಾಲಿನ ಜಿಗಣೆಗಳಿಗೆ ತಾನೇ ಉಪ್ಪು ತಂದು ಹಾಕಿದ, ಟವೆಲ್ ಕೊಟ್ಟ, ಒಂದು ಕೋಣೆ ಖಾಲಿ ಇದೆ ಎಂದ. ಆಮೇಲೆ ಉದ್ದನೆಯ ರಿಜಿಸ್ಟರನ್ನು ನನ್ನ ಮುಂದೆ ಇಟ್ಟು, ಪೊಲೀಸರು ಬಂದು ನೋಡುತ್ತಾರೆ, ಯಾವ ಕಾಲಮ್ಮನ್ನೂ ಬಿಡುವಂತಿಲ್ಲ ಎಂದು ಮೆಲ್ಲಗೆ ಹೇಳಿದ.

ಹೆಸರು ಬರೆದೆ. ‘ಎಲ್ಲಿಂದ ಬಂದದ್ದು’ ಎಂಬಲ್ಲಿ ನಮ್ಮ ಊರಿನ ಹೆಸರು ಬರೆದೆ.

“ಇದು ಇಲ್ಲಿಯ ಹೆಸರು ಸರ್. ನಿಮ್ಮ ಊರು ಬರೀಬೇಕು.”

“ನನ್ನ ಊರೇ ಇದು.”

ಅವನು ಆಧಾರ್ ಕಾರ್ಡು ಕೇಳಿದ, ಕೊಟ್ಟೆ. ಅದರಲ್ಲಿ ಬೆಂಗಳೂರಿನ ಫ್ಲ್ಯಾಟಿನ ವಿಳಾಸವಿತ್ತು. ಅದನ್ನು ಬದಲಿಸಬೇಕಾದರೆ ಇಲ್ಲಿಯ ವಾಸದ ದಾಖಲೆ ಬೇಕು, ಆ ದಾಖಲೆ ಮುತ್ತಜ್ಜನ ಬಳಿ ಇದೆ. ಹುಡುಗ ಏನೂ ವಾದಿಸದೆ ನಾನು ಬರೆದದ್ದರ ಮೇಲೆ ಒಂದು ಗೆರೆ ಎಳೆದು ‘ಬೆಂಗಳೂರು’ ಎಂದು ತಿದ್ದಿದ. ಕೊನೆಯ ಕಾಲಂ ‘ಹೋಗುವ ದಿನಾಂಕ’. ನಾನು ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತೆ. ಹೊರಗೆ ಜನರೇಟರಿನ ಸದ್ದಿಗೆ ಮಳೆಯ ಸದ್ದು ಕೇಳಿಸುತ್ತಿರಲಿಲ್ಲ. ನನಗೆ ಕಣ್ಣು ಕಾಣಿಸುತ್ತಿಲ್ಲವೆಂದು ಭಾವಿಸಿದ ಹುಡುಗ ರಿಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮರುದಿನದ ತಾರೀಖನ್ನು ದುಂಡಗೆ ಬರೆದ.

“ಚೆಕ್‌ಔಟ್ ಬೆಳಿಗ್ಗೆ 11 ಗಂಟೆಗೆ ಸರ್,” ಎಂದ. “ತಿಂಡಿ ಸೇರಿದೆ.”